ಮೂರು ಸಲ ಕೂಗಿದರೂ ಏಳದವಳ ಸಮಜಾಯಿಷಿ

ಬಸ್ ನಿಲ್ದಾಣದ ಮಾನ್ಯ ಅಧಿಕಾರಿಗಳೇ,

ನಾನು ನಿದ್ದೆ ಮಾಡುತ್ತಿರಲಿಲ್ಲ. ಹೋದ ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ, ಕಳೆದುಹೋದ ವಸ್ತುಗಳ ಕೊಠಡಿಯಲ್ಲಿ, ರಿಜಿಸ್ಟರಿನ ಮೇಲೆ ತಲೆಯಿಟ್ಟು, "ಪ್ರಯಾಣಿಕರೊಬ್ಬರು ಮೂರು ಬಾರಿ ಕೂಗಿದಾಗ್ಯೂ ಎಚ್ಚರಗೊಳ್ಳದಷ್ಟು ಗಾಢವಾಗಿ ನಿದ್ರಿಸುತ್ತಿದ್ದುದಕ್ಕೆ" ಏಳು ದಿನದೊಳಗೆ ತೃಪ್ತಿಕರ ಸಮಜಾಯಿಷಿ ನೀಡಬೇಕೆಂದು ತಾವು ನೋಟಿಸ್ ಕೊಟ್ಟಿದ್ದೀರಿ. ನಾನು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು. ಸಮಜಾಯಿಷಿ ಎಂದರೇನೆಂದು ಅತ್ತೆಯವರನ್ನು ಕೇಳಬೇಕಾಯಿತು. "ಅಷ್ಟೂ ಗೊತ್ತಿಲ್ವೇನೇ? ತಪ್ಪು ಅವರು ಮಾಡಿರ್ತಾರೆ, ವಿವರಣೆ ನೀನು ಕೊಡಬೇಕು. ಅದೇ ಸಮಜಾಯಿಷಿ" ಎಂದರು. ಸರಿ, ಕೊಡುತ್ತಿದ್ದೇನೆ. ನೋಟಿಸನ್ನು ತಾವು ಸೂಚನಾ ಫಲಕಕ್ಕೆ ಅಂಟಿಸಿ ಊರಿಗೆಲ್ಲ ಓದಿಸಿದ್ದರಿಂದ ಉತ್ತರವನ್ನೂ ಊರು ಓದಲಿ ಎಂದು ಪತ್ರಿಕೆಗೆ ಕಳಿಸಿದ್ದೇನೆ.

ನನಗೆ ಅಪಸ್ಮಾರವಿದೆ. ಮೂರ್ಛೆ ರೋಗ, ಫಿಟ್ಸ್, ತಮಗೆ ಯಾವ ಹೆಸರು ಅನುಕೂಲವೋ ಅದು. ಹನ್ನೆರಡನೇ ವಯಸ್ಸಿನಿಂದ ಇದೆ. ಕೆಲಸದ ಅರ್ಜಿಯಲ್ಲೇ ಬರೆದಿದ್ದೆ. ನೆಲಕ್ಕೆ ಬಿದ್ದು ಕೈಕಾಲು ಒದರಿದರೆ ಮಾತ್ರ ಫಿಟ್ಸ್ ಎಂದು ತಾವು ತಿಳಿದಿರಬಹುದು. ಹಾಗೆ ಬರುವವರೂ ಇದ್ದಾರೆ. ನಾನು ಸುಮ್ಮನಾಗುತ್ತೇನೆ, ಅಷ್ಟೆ. ಕಣ್ಣು ತೆರೆದೇ ಇರುತ್ತದಂತೆ, ಬೆರಳು ಅಂಗಿಯ ಗುಂಡಿಯನ್ನು ತಡಕುತ್ತದಂತೆ, ಬಾಯಿ ಏನನ್ನೋ ಜಗಿಯುತ್ತದಂತೆ. ಆಮೇಲೆ ಕೆಲವೊಮ್ಮೆ ತಲೆ ಭಾರವಾಗಿ ಅಲ್ಲೇ ಒರಗುತ್ತೇನಂತೆ. ಎಷ್ಟು 'ಅಂತೆ' ನೋಡಿ! ನನ್ನ ಬದುಕಿನ ಈ ಭಾಗವನ್ನು ನಾನು ಬೇರೆಯವರ ಬಾಯಿಂದಲೇ ಕೇಳಬೇಕು. "ಆಗ ಎಲ್ಲಿಗೆ ಹೋಗಿರ್ತೀಯ?" ಎಂದು ಜನ ಕುತೂಹಲದಿಂದ ಕೇಳುತ್ತಾರೆ. ಎಲ್ಲಿಗೂ ಹೋಗುವುದಿಲ್ಲ. ನಾನು ಮತ್ತೆ ಕಣ್ಣು ಹಾಯಿಸುವಷ್ಟರಲ್ಲಿ ಉಳಿದವರೆಲ್ಲ ನನ್ನನ್ನು ಬಿಟ್ಟು ಮುಂದೆ ಹೋಗಿರುತ್ತಾರೆ.

ನಾಲ್ಕು ವರ್ಷ ನಾನು ಈ ನಿಲ್ದಾಣದ ದನಿಯಾಗಿದ್ದೆ. ಹದಿನೆಂಟು ಮೆಟ್ಟಿಲು ಹತ್ತಿದರೆ ಸಿಗುವ ಗಾಜಿನ ಕೋಣೆ, ಒಂದು ಮೈಕು, ಒಂದು ಕುರ್ಚಿ. ನಿಲ್ದಾಣದ ಬಾಗಿಲ ಬಳಿ ಕೀ ಮಾಡುವ ಪುಟ್ಟ ಅಂಗಡಿಯಿದೆಯಲ್ಲ, ಅದರ ಮಾಲೀಕರು ಎರಡು ವರ್ಷ ನನ್ನ ಮುಖ ನೋಡದೆಯೇ ನನ್ನ ಬಸ್ಸುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ಅವರೇ ಈಗ ನನ್ನ ಗಂಡ. 'ನನ್ನ ಗಂಡ' ಎಂದು ಬರೆಯುವಾಗ ಇನ್ನೂ ನಗು ಬರುತ್ತದೆ, ಕ್ಷಮಿಸಿ. ಮದುವೆಯಾಗಿ ಇಂದಿಗೆ ಎಪ್ಪತ್ತೊಂದು ದಿನ. ಎಣಿಸುತ್ತಿದ್ದೇನೆ, ಹೌದು!

ಹತ್ತೊಂಬತ್ತನೇ ದಿನ, "ನಾಲ್ಕನೇ ಪ್ಲಾಟ್‌ಫಾರ್ಮಿನಿಂದ ಹೊರಡುವ" ಎಂದವಳು ಅಲ್ಲಿಗೇ ನಿಂತೆ. ಇಡೀ ನಿಲ್ದಾಣ ತಲೆಯೆತ್ತಿ ಲೌಡ್‌ಸ್ಪೀಕರ್ ನೋಡಿತಂತೆ. ನಾನು ಜಗಿಯುವ ಸದ್ದು ಹನ್ನೆರಡೂ ಪ್ಲಾಟ್‌ಫಾರ್ಮಿಗೆ ಕೇಳಿಸಿತಂತೆ, ಕೆಲವರು ನಕ್ಕರಂತೆ. ನಮ್ಮವರು ಅರ್ಧ ಕೆತ್ತಿದ ಕೀಯನ್ನು ಯಂತ್ರದಲ್ಲೇ ಬಿಟ್ಟು ಓಡಿಬಂದರು. ನನಗೆ ಅರಿವಾದಾಗ ಮೈಕು ಆರಿಸಿ ಪಕ್ಕದಲ್ಲಿ ಕೂತಿದ್ದರು. "ಬಂದ್ಯಾ?" ಎಂದರು, ನಾನು ಪಕ್ಕದ ಬೀದಿಗೆ ಹೋಗಿ ಬಂದವಳೆಂಬಂತೆ.

"ರೀ, ಬಸ್ಸು?"

"ಹೋಯ್ತು ಕಣೇ. ಡ್ರೈವರಿಗೆ ದಾರಿ ಗೊತ್ತು."

ಒಂದೂವರೆ ನಿಮಿಷ. ಯಾರಿಗೂ ಬಸ್ಸು ತಪ್ಪಲಿಲ್ಲ. ನಿಲ್ದಾಣಕ್ಕೆ ಆದ ಒಟ್ಟು ನಷ್ಟವೆಂದರೆ ಯಾವ ಬೀಗಕ್ಕೂ ಆಗದ ಒಂದು ಕೀ.

ಮರುದಿನವೇ "ಸುರಕ್ಷತೆಯ ದೃಷ್ಟಿಯಿಂದ" ತಾವು ನನ್ನನ್ನು ಕಳೆದುಹೋದ ವಸ್ತುಗಳ ಕೊಠಡಿಗೆ ವರ್ಗಾಯಿಸಿದಿರಿ. ಯಾರ ಸುರಕ್ಷತೆ, ಸ್ವಾಮಿ? ಶೌಚಾಲಯದ ಹಿಂದಿನ ಓಣಿಯ ಕೊನೆಯ ಬಾಗಿಲು ಅದು. ಅಲ್ಲಿ ನಾನಿದ್ದೇನೆ, ಅರವತ್ತೆರಡು ಕೊಡೆಗಳಿವೆ, ಒಂಟಿ ಚಪ್ಪಲಿಗಳಿವೆ, ಪಾಪ ಯಾರದೋ ಹಲ್ಲಿನ ಸೆಟ್ಟಿದೆ. ದಿನಕ್ಕೆ ಇಬ್ಬರು ಬಂದರೆ ಹಬ್ಬ. ಮಾತಾಡುವುದನ್ನೇ ಕಸುಬು ಮಾಡಿಕೊಂಡಿದ್ದವಳು ಮಧ್ಯಾಹ್ನದ ಹೊತ್ತಿಗೆ ಕೊಡೆಗಳಿಗೆ ಬಸ್ಸಿನ ವೇಳೆ ಹೇಳುತ್ತಾ ಕೂತಿರುತ್ತೇನೆ. ಊಟದ ಡಬ್ಬಿ ಹಿಡಿದು ಹಳೆಯ ಗೆಳತಿಯರ ಮೇಜಿಗೆ ಹೋದರೆ, "ಬಾ ಬಾ, ಕೂತ್ಕೋ, ನಮ್ದು ಆಯ್ತು" ಎಂದು ಅರ್ಧ ತುಂಬಿದ ಡಬ್ಬಿಗಳ ಮುಚ್ಚಳ ಹಾಕುತ್ತಾರೆ. ಕೆಟ್ಟವರಲ್ಲ. ಅವರ ಎದುರಿಗೇ ನನಗೆ ಏನಾದರೂ ಆದರೆ ಏನು ಮಾಡಬೇಕೆಂದು ಗೊತ್ತಿಲ್ಲದವರು. ಕುರ್ಚಿ ಬದಲಿಸುವ ಆದೇಶ ಟೈಪು ಮಾಡಿಸಲು ತಮಗೆ ಒಂದು ದಿನ ಸಾಕಾಯಿತು. ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ, ಜೊತೆಗಿರಿ ಎಂದು ಅವರಿಗೆ ಹೇಳಿಕೊಡಲು ನಾಲ್ಕು ವರ್ಷವೂ ಸಾಲಲಿಲ್ಲವೇ?

ಇನ್ನು ಮಂಗಳವಾರದ ಮಾತು. ಕಿಟಕಿಯಲ್ಲಿ ನಿಂತು ಕೂಗಿದವರು ಕನ್ನಡಕ ಕಳೆದುಕೊಂಡ ಅಜ್ಜ. ಅವರ ದೂರಿನಲ್ಲಿ ಸುಳ್ಳಿಲ್ಲ. ಕನ್ನಡಕವಿಲ್ಲದ ಕಣ್ಣಿಗೆ ಕಂಡದ್ದನ್ನೇ ಹೇಳಿದ್ದಾರೆ. ಆದರೆ ತಾವು ಕನ್ನಡಕ ಹಾಕಿಕೊಂಡೇ ಸಹಿ ಮಾಡಿದ್ದೀರಲ್ಲ? ಮೂರು ಸಲ ಕೂಗಿದರೂ ಏಳದ ಹೆಂಗಸಿನ ಬಗ್ಗೆ, ಅದೂ ಅರ್ಜಿಯಲ್ಲಿ ಅಪಸ್ಮಾರವೆಂದು ಬರೆದವಳ ಬಗ್ಗೆ, ಇಡೀ ಕಚೇರಿಯಲ್ಲಿ ಒಬ್ಬರಿಗೂ "ಅವಳಿಗೇನಾಯ್ತು?" ಎಂದು ಕೇಳಬೇಕೆನಿಸಲಿಲ್ಲವೇ? ನೋಟಿಸಿಗೆ ಲಗತ್ತಿಸಿದ ರಿಜಿಸ್ಟರ್ ಪುಟದಲ್ಲಿ ಮೂರು ಸಾಲು ಒದ್ದೆಯಾಗಿ ಅಳಿಸಿದೆ. ಅದು ನನ್ನ ಜೊಲ್ಲು. ಎದ್ದಾಗ ಗಡಿಯಾರ ಹನ್ನೆರಡು ತೋರಿಸುತ್ತಿತ್ತು. "ಬಂದ್ಯಾ?" ಎನ್ನುವವರು ಯಾರೂ ಇರಲಿಲ್ಲ. ಕೆನ್ನೆ ಒರೆಸಿಕೊಂಡು, ಕೊಡೆಗಳನ್ನೇ ನೋಡುತ್ತಾ, ಇವತ್ತು ಯಾವ ವಾರ ಎಂದು ಬಹಳ ಹೊತ್ತು ಯೋಚಿಸಿದೆ. ಮನೆಯಲ್ಲಿ ಹೇಳಲಿಲ್ಲ. ಎಪ್ಪತ್ತೊಂದು ದಿನದಲ್ಲಿ ನಮ್ಮವರಿಂದ ನಾನು ಮುಚ್ಚಿಟ್ಟದ್ದು ಅದೊಂದೇ. ಅದನ್ನೂ ತಮ್ಮ ಸೂಚನಾ ಫಲಕವೇ ಅವರಿಗೆ ಹೇಳಿತು.

ಮರುದಿನ ಅಜ್ಜ ಮತ್ತೆ ಬಂದರು. "ಏನಮ್ಮಾ, ಇವತ್ತು ಎದ್ದಿದೀಯಾ?" ಎಂದರು. "ಎದ್ದಿದೀನಿ ಅಜ್ಜಾ" ಎಂದು ನಕ್ಕು ಕನ್ನಡಕ ಕೊಟ್ಟೆ. ನಿಜ ಹೇಳಬಹುದಿತ್ತು. ಹೇಳಿದರೆ ಅವರೂ ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೇನೋ ಎಂದು ಸುಮ್ಮನಾದೆ. ಅಂದು ಬಂದದ್ದು ಅವರೊಬ್ಬರೇ.

ಆದ್ದರಿಂದ ನನ್ನ ಸಮಜಾಯಿಷಿ ಇಷ್ಟು. ಕಡತದಿಂದ 'ನಿದ್ರೆ' ಎಂಬ ಪದ ತೆಗೆಯಿರಿ. ನನ್ನ ಕುರ್ಚಿ ನನಗೆ ಕೊಡಿ. ನಾನು ನಿಂತರೆ ಮುಂದುವರಿಸಲು ಗಾಜಿನ ಕೋಣೆಯ ಪಕ್ಕದಲ್ಲೇ ಕೂರುವ ವೇಳಾಪಟ್ಟಿ ಗುಮಾಸ್ತರು ಸಿದ್ಧರಿದ್ದಾರೆ, ಕೇಳಿದ್ದೇನೆ. "ಅದಕ್ಕೇನಮ್ಮಾ, ನಂಗೂ ಮೈಕಲ್ಲಿ ಮಾತಾಡೋ ಆಸೆ ಇದೆ" ಎಂದರು. ಸುರಕ್ಷತೆಯೇ ತಮ್ಮ ಚಿಂತೆಯಾದರೆ, ಈ ಕಟ್ಟಡದಲ್ಲಿ ನನಗೆ ಆ ಮೈಕಿನಷ್ಟು ಸುರಕ್ಷಿತ ಜಾಗ ಇನ್ನೊಂದಿಲ್ಲ. ಕೊಡೆಗಳ ನಡುವೆ ನಾನು ಸುಮ್ಮನಾದರೆ ಯಾರಿಗೂ ತಿಳಿಯುವುದಿಲ್ಲ. ಅಲ್ಲಿ ಸುಮ್ಮನಾದರೆ ಸಾವಿರ ಜನ ತಲೆಯೆತ್ತುತ್ತಾರೆ. ಒಬ್ಬರು ಮೆಟ್ಟಿಲು ಹತ್ತುತ್ತಾರೆ.

ಇಂತಿ,
ತಮ್ಮ ಕಡತದಲ್ಲಿ ಇನ್ನೂ ಮಲಗಿರುವ,
ಯಾರೂ ಕೇಳಿಕೊಂಡು ಬಾರದ ಅರವತ್ತಮೂರನೇ ಕೊಡೆ