ಎರಡು ಹಳದಿ ಪಿಯೋನಿಗಳಲ್ಲಿ ನಿಮ್ಮದು ಯಾವುದು?

ಪ್ರೀತಿಯ ಅಂಕಲ್,

ಆ ಸೆಪ್ಟೆಂಬರಿನಲ್ಲಿ ನೀವು ಎರಡೂ ಪಿಯೋನಿ ಹೂಗಿಡಗಳನ್ನು ಒಟ್ಟಿಗೇ ಕಿತ್ತು ಹೊಸ ಪಾತಿಗೆ ಹಾಕಿದಿರಲ್ಲ, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಒಂದನ್ನು ಆ ವರ್ಷ, ಇನ್ನೊಂದನ್ನು ಮರುವರ್ಷ ಕಿತ್ತಿದ್ದರೆ ಆಗುತ್ತಿರಲಿಲ್ಲವೇ? ಓಕ್ ಮರದ ನೆರಳು ಹೆಚ್ಚಾಯಿತೆಂದು ನಿಮಗೆ ಅವಸರ. ಜಾಗ ಬದಲಾದ ವರ್ಷ ಟ್ರೀ ಪಿಯೋನಿ ಮುನಿಸಿಕೊಂಡು ಹೂ ಬಿಡುವುದಿಲ್ಲ ಎಂದು ಹೇಳಿಕೊಟ್ಟವರೇ ನೀವು. ಫೇರ್‌ಫ್ಯಾಕ್ಸಿನಲ್ಲಿ ಅಷ್ಟು ವರ್ಷ ಊರವರ ಎದೆಬಡಿತ ಕೇಳಿದ ಡಾಕ್ಟರು, ನಿಮ್ಮ ಎದೆಯ ಕಡೆಗೂ ಒಂದಿಷ್ಟು ಗಮನ ಕೊಡಬೇಕಿತ್ತು. ಪಾತಿಯ ಮಣ್ಣು ಒಣಗುವ ಮೊದಲೇ ಆಸ್ಪತ್ರೆ ಸೇರಿದಿರಿ. ಚಳಿಗಾಲ ಕಳೆಯುವ ಮುಂಚೆ...

ಆ ಎರಡು ಗಿಡಗಳನ್ನು ಮೊದಲ ಸಲ ನೋಡಿದ ದಿನ, "ಅಂಕಲ್, ಎರಡೂ ಒಂದೇ ಅಲ್ವಾ?" ಎಂದು ಕೇಳಿ ನಿಮ್ಮಿಂದ ಬೈಸಿಕೊಂಡಿದ್ದೆ. ಮೈಸೂರಿನಿಂದ ಮದುವೆಯಾಗಿ ಈ ದೇಶಕ್ಕೆ ಬಂದು, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೊತ್ತಂಬರಿ ಬೆಳೆಸಲೂ ಬಾರದವಳಿಗೆ ಏನು ಗೊತ್ತಾಗಬೇಕು? ಒಂದೇ ನಿಂಬೆಹಳದಿ, ಎಸಳ ಬುಡದಲ್ಲಿ ಒಂದೇ ಥರದ ಕೆಂಪು ಕಲೆ, ಎಲೆಯಲ್ಲೂ ವ್ಯತ್ಯಾಸವಿಲ್ಲ. ಒಂದು ನರ್ಸರಿಯಿಂದ ತಂದ ಹೈಬ್ರಿಡ್. ಇನ್ನೊಂದು, ಅದೇ ಗಿಡ ಅಪರೂಪಕ್ಕೆ ಕಟ್ಟಿದ ಬೀಜದಿಂದ ನೀವು ಮೊಳೆಸಿ, ವರ್ಷಗಟ್ಟಲೆ ಕಾದು ಹೂ ಕಂಡದ್ದು. "ಬಗ್ಗಿ ನೋಡು" ಎಂದಿರಿ. ನರ್ಸರಿಯ ಹೂ ಎಲೆಗಳೊಳಗೆ ತಲೆ ತಗ್ಗಿಸಿತ್ತು, ಅದರ ಮುಖ ನೋಡಲು ಮಂಡಿಯೂರಬೇಕಾಯಿತು. ನಿಮ್ಮದು ನೆಟ್ಟಗೆ ಮೇಲೆ ನೋಡುತ್ತಿತ್ತು. "ಇಂಥದ್ದು ಇನ್ನೆಲ್ಲೂ ಇಲ್ಲಮ್ಮ. ಇದು ಹೋದ್ರೆ ಹೋಯ್ತು" ಎಂದಾಗ ನಿಮ್ಮ ದನಿಯಲ್ಲಿ ಜಂಬವೂ ಇತ್ತು, ಭಯವೂ ಇತ್ತು.

ಮರುವರ್ಷ ಮನೆ ಮಾರಾಟವಾದಾಗ ನೀವಿದ್ದಿದ್ದರೆ ದೊಡ್ಡ ಗಲಾಟೆಯೇ ಆಗುತ್ತಿತ್ತು. ಪದ್ಮಾ ಆಂಟಿ ರಾಲಿ ನಗರಕ್ಕೆ, ಮಗಳು ವೀಣಾಳ ಮನೆಗೆ ಹೋಗುವುದೆಂದಾಯಿತು. ಮನೆ ಕೊಂಡಾಕೆ ಹಳೆಯ ಫೋಟೋದಲ್ಲಿ ಹಳದಿ ಹೂ ನೋಡಿ ಮರುಳಾಗಿದ್ದರು. ಇಲ್ಲಿ ಮನೆಯ ಜೊತೆ ಗಿಡಮರಗಳೂ ಕೊಂಡವರಿಗೇ ಸೇರುತ್ತವೆ, ನಿಮಗೆ ಗೊತ್ತಲ್ಲ. ವೀಣಾ ಬೇಡಿಕೊಂಡ ಮೇಲೆ ಒಂದು ಗಿಡ ತೆಗೆದುಕೊಂಡು ಹೋಗಲು ಒಪ್ಪಿದರು, ಎರಡು ಮಾತ್ರ ಖಂಡಿತ ಇಲ್ಲ ಎಂದರು. ಪರವಾಗಿಲ್ಲ, ಎರಡೂ ಗಿಡಕ್ಕೆ ತಗಡಿನ ಚೀಟಿ ಕಟ್ಟಿದೆ, ನಿಮ್ಮದರ ಮೇಲೆ ನಿಮ್ಮ ಕೈಯಲ್ಲೇ ಗೀಚಿದ "ನಂದು" ಇದೆ ಎಂದು ನಾನು ಧೈರ್ಯವಾಗಿದ್ದೆ.

ಅಕ್ಟೋಬರಿನ ಆ ಶನಿವಾರ ಶವೆಲ್ ಹಿಡಿದು ಗಿಡದ ಬುಡಕ್ಕೆ ಬಗ್ಗಿದವಳು ಹಾಗೆಯೇ ನಿಂತುಬಿಟ್ಟೆ. ತಗಡಿನ ತೂತಿನ ಅಂಚಿನಲ್ಲಿ ಕುಂಕುಮ ಮೆತ್ತಿಕೊಂಡಿತ್ತು.

"ಆಂಟಿ, ಇದಕ್ಕೆ ಕುಂಕುಮ ಹೇಗೆ ಬಂತು?"

"ಹೋದ ವರ್ಷ ಆಯುಧಪೂಜೆಗೆ ಇಟ್ಟಿದ್ನಲ್ಲ. ಇವರು ಆಸ್ಪತ್ರೇಲಿದ್ರು. ಪೂಜೆ ತಪ್ಪಬಾರದು ಅಂತ ಕಾರು, ಶವೆಲ್ಲು, ಕತ್ತರಿ ಎಲ್ಲಾ ತೊಳೆದೆ. ಈ ತಗಡುಗಳೂ ಮಣ್ಣಾಗಿದ್ವು. ಬಿಚ್ಚಿ, ಹುಣಿಸೆಹಣ್ಣು ಹಾಕಿ ಬೆಳಗಿ, ಪೂಜೆ ಆದ್ಮೇಲೆ ವಾಪಸ್ ಕಟ್ಟಿದೆ."

"ಎರಡನ್ನೂ ಬಿಚ್ಚಿದ್ರಾ?"

"ಎರಡನ್ನೂ. ಯಾಕೆ?"

ಅಕ್ಕಪಕ್ಕದ ಎರಡು ಗಿಡ, ಎರಡೂ ಆ ವಸಂತ ಹೂ ಬಿಟ್ಟಿಲ್ಲ, ಈಗ ಎಲೆಯೂ ಒಣಗಿ ಮುರುಟಿದೆ. ಸೋಮವಾರ ಮನೆಯ ಕೀಲಿ ಕೈಬದಲಾಗುತ್ತದೆ. ಯಾರನ್ನು ಕೇಳಲಿ?

ಗಿಡ ಕೀಳುವಾಗ ನೀವು ಬುಡ ತೋರಿಸಿದ್ದು ಆಗ ನೆನಪಿಗೆ ಬಂತು. "ನರ್ಸರಿಯದು ಕಸಿ. ಕಾಲು ಬೇರೆ ಗಿಡದ್ದು, ಸೇರಿಸಿದ ಕಡೆ ಗಂಟಿರತ್ತೆ. ನಂದು ಬೀಜದಿಂದ ಬಂದಿದ್ದು, ಗಂಟಿಲ್ಲ" ಎಂದಿದ್ದಿರಿ. ನಾನು ಬೆರಳಿನಿಂದಲೇ ಕೆಂಪು ಜೇಡಿಮಣ್ಣು ಕೆರೆದೆ. "ನಂದು" ಎಂಬ ತಗಡಿದ್ದ ಗಿಡದ ಬುಡದಲ್ಲಿ ಗಂಟು ಕೈಗೆ ಸಿಕ್ಕಿತು. ಪಕ್ಕದ ಗಿಡದ್ದನ್ನೂ ಕೆರೆದೆ. ಅಲ್ಲಿ ಗಂಟಿರಲಿಲ್ಲ, ಆದರೆ ಏನೋ ಒಂದು ಉಬ್ಬು. ಹಳೆಯ ಗಾಯವೋ, ಬೇರು ಒಡೆದ ಜಾಗವೋ? ನೀವಾಗಿದ್ದರೆ ಒಂದು ನೋಟಕ್ಕೇ ಹೇಳುತ್ತಿದ್ದಿರಿ.

"ಇದಲ್ಲ ಆಂಟಿ. ಆ ಕಡೇದು ಅಗೀಬೇಕು."

"ಅವರ ಕೈಬರಹ ಇದರ ಮೇಲಿದೆ. ನಾನು ನೋಡದೆ ಕಟ್ತೀನಾ? ಅವರು ಆ ಸ್ಥಿತೀಲಿದ್ದಾಗ ನಾನು ಅವರ ಗಿಡಾನೇ ಅದಲುಬದಲು ಮಾಡ್ದೆ ಅಂತೀಯಾ, ಮಾಲಿನಿ?"

ಕಾರಿನ ಹತ್ತಿರದಿಂದ ವೀಣಾ ಕೂಗಿದಳು. "ಅಮ್ಮಾ, ಪ್ಲೀಸ್, ಜಸ್ಟ್ ಪಿಕ್ ಒನ್! ಟ್ರಾಫಿಕ್ ಜಾಸ್ತಿ ಆಗತ್ತೆ."

"ತಪ್ಪಾದ್ರೆ ಅದು ನನ್ನ ತಪ್ಪು ಅಂತಾನೇ ಇರ್ಲಿ, ಆಂಟಿ" ಎಂದೆ. ಅವರು ಒಳಗೆ ಹೋದರು. ನಾನು ಪಕ್ಕದ ಗಿಡವನ್ನು ಅಗೆದೆ. ಗೋಣಿಯಲ್ಲಿ ಸುತ್ತಿ ವೀಣಾಳ ಕಾರಿನಲ್ಲಿಟ್ಟೆ. ಹೊರಡುವಾಗ ಆಂಟಿ ನನ್ನ ಮುಖ ನೋಡಲಿಲ್ಲ.

ರಾಲಿಯಲ್ಲಿ ಮೊದಲ ವಸಂತ ಬರೀ ಎಲೆ ಬಂತು. ಭಾನುವಾರದ ಫೋನಿನಲ್ಲಿ ಆಂಟಿ ಸಾರಿನ ಪುಡಿಯ ವಿಷಯ ಮಾತಾಡುತ್ತಿದ್ದರು, ಮೊಮ್ಮಗನ ಇಂಗ್ಲಿಷ್ ಅರ್ಥವಾಗುವುದಿಲ್ಲ ಎನ್ನುತ್ತಿದ್ದರು, ಗಿಡದ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಆ ಬೇಸಿಗೆ ನಿಮ್ಮ ಮನೆಯ ಮುಂದೆ ಹಾದುಹೋಗುವಾಗ ಕಾರು ನಿಲ್ಲಿಸಿದೆ. ಪಾತಿ ಇದ್ದ ಜಾಗದಲ್ಲಿ ಹುಲ್ಲುಹಾಸು. ಹೂ ಬಿಡದ ಗಿಡ ಯಾಕೆಂದು ಕೀಳಿಸಿದ್ದರಂತೆ. ನಾನು ತಪ್ಪಾಗಿ ಆರಿಸಿದ್ದರೆ ನಿಮ್ಮ ಗಿಡ ಆಗಲೇ ಕಸದ ಲಾರಿ ಹತ್ತಿಹೋಗಿತ್ತು. ಅದನ್ನು ಆಂಟಿಗೆ ಹೇಳುವುದು ಹೇಗೆ? ಹೇಳಲಿಲ್ಲ. ಆ ಚಳಿಗಾಲವೆಲ್ಲ ನನಗೆ ನಿಮ್ಮ ಕೊಲೆ ಮಾಡಿದಷ್ಟು ಸಂಕಟವಿತ್ತು.

ಮೊನ್ನೆ ಆಫೀಸಿನಿಂದ ಬಂದು ಆನ್ಸರಿಂಗ್ ಮೆಷಿನ್ ಒತ್ತಿದರೆ ಆಂಟಿಯ ದನಿ. "ಹೂ ಬಿಟ್ಟಿದೆ. ಬಂದ ತಕ್ಷಣ ಫೋನ್ ಮಾಡು." ಅಷ್ಟೇ. ಆ ದನಿಯಲ್ಲಿ ಖುಷಿಯಿತ್ತೋ ಅಳುವಿತ್ತೋ ಗೊತ್ತಾಗಲಿಲ್ಲ. ರಿಸೀವರ್ ಎತ್ತಿದೆ, ಇಟ್ಟೆ, ಮತ್ತೆ ಎತ್ತಿದೆ.

"ಆಂಟಿ... ತಲೆ ತಗ್ಗಿಸಿದೆಯಾ?"

"ಒಂದೇ ಒಂದು ಹೂ ಕಣೇ. ಕಾಫಿ ಲೋಟ ಹಿಡ್ಕೊಂಡು ಹೊರಗೆ ಬಂದ್ರೆ, ನನ್ನ ಮುಖಾನೇ ನೋಡ್ತಾ ನಿಂತಿತ್ತು."

ನಾನು ಜೋರಾಗಿ ಅತ್ತುಬಿಟ್ಟೆ. ಆಂಟಿಯೂ ಅತ್ತರು. ಆಮೇಲೆ ವೀಣಾಗೆ ಕೇಳಿಸಬಾರದೆಂದೋ ಏನೋ, ದನಿ ತಗ್ಗಿಸಿ, "ಹಾಗಾದ್ರೆ ಅದಲುಬದಲು ಮಾಡಿದ್ದು ನಾನೇ, ಅಲ್ವಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು. "ಹೋಗ್ಲಿ ಬಿಡು. ಇವರಿಗೆ ಮಾತ್ರ ಹೇಳ್ಬೇಡ, ಆಯ್ತಾ?"

"ಹೇಳಲ್ಲ ಆಂಟಿ" ಎಂದು ಮಾತು ಕೊಟ್ಟೆ.

ಈಗ ಎಲ್ಲವನ್ನೂ ಬರೆದಾಯಿತು. ಆಂಟಿ ಏನಾದರೂ ಕೇಳಿದರೆ, ಅಂಕಲ್, ನಿಮಗೇನೂ ಗೊತ್ತಿಲ್ಲದ ಹಾಗೇ ಇರಿ.

ನಿಮ್ಮ
ಮಾಲಿನಿ