ಎಣ್ಣೆ ಹಚ್ಚಿದ ಕಡೆ

ಬಾಳೆಹೊನ್ನೂರು
ಆಗಸ್ಟ್ ೨೦೦೬

ಸುಂದರೇಶ,

ನಿನ್ನ ಊರು ಬೇಗಾರಿಗೆ ಅಂಚೆ ಎರಡೇ ದಿನಕ್ಕೆ ಮುಟ್ಟುತ್ತದೆ. ಆದರೂ ಇದನ್ನು ಕಳಿಸುವುದಿಲ್ಲ.

ಒಂದು ವಿಚಿತ್ರ ಕೇಳು. ನನ್ನ ಫೋಟೋ ಸ್ಟುಡಿಯೋಗೆ ಹಳೆಯ ಚರ್ಮದ ಸೋಫಾ ತಂದಿದ್ದೆ. ಹೊಳೆಯಲಿ ಎಂದು ಮಳೆಗಾಲಕ್ಕೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿದೆ. ಇವತ್ತು ನೋಡಿದರೆ, ಎಣ್ಣೆ ಹಚ್ಚಿದ ಮುಂಭಾಗಕ್ಕೂ ಪಕ್ಕಗಳಿಗೂ ಬಿಳಿ ಬೂಷ್ಟು. ಗೋಡೆಯಿಂದ ಎಳೆದರೆ, ಹಚ್ಚದೆ ಬಿಟ್ಟ ಹಿಂಭಾಗದಲ್ಲಿ ಒಂದು ಚುಕ್ಕೆಯೂ ಇಲ್ಲ! ಥಂಡಿ ಎರಡಕ್ಕೂ ಒಂದೇ ಅಲ್ಲವೇ?

"ತಲೆಗೆ ಹಚ್ಚೋ ಎಣ್ಣೇನ ತೊಗಲಿಗೆ ಹಚ್ತಾರಾ ಮಾರಾಯ್ರೇ!" ಎಂದು ನನ್ನ ಹೆಂಡತಿ ಚೇತನಾ ನಕ್ಕಳು.

ಒಣಬಟ್ಟೆಯಿಂದ ಒರೆಸಿ, ಫ್ಯಾನ್ ಹಾಕಿ, ನೀನು ಮದ್ದಳೆಯ ನಾದ ನೋಡುತ್ತಿದ್ದ ಹಾಗೆ ಬೆರಳಿನಿಂದ ತಟ್ಟಿದೆ. ಹಿಂಭಾಗ ಬಿಗಿಯಾಗಿ ನುಡಿಯಿತು. ಎಣ್ಣೆ ಕುಡಿದ ಪಕ್ಕ ಬರೀ ದಪ್ ಎಂದಿತು. ಆ ಸದ್ದನ್ನು ನಾನು ಮೊದಲೂ ಕೇಳಿದ್ದೇನೆ.

ಒಂದು ಮಳೆಗಾಲ ನಿನ್ನ ಮದ್ದಳೆಯನ್ನು ನನ್ನಲ್ಲಿ ಬಿಟ್ಟುಹೋಗಿದ್ದೆಯಲ್ಲ. ವಾಪಸು ಬಂದು ತಟ್ಟಿ, "ಎಂತ ಮಾಡಿದ್ಯಾ ಮಾರಾಯ ಇದಕ್ಕೆ?" ಎಂದು ಕೇಳಿದೆ ನೀನು. ಥಂಡಿಗೆ ಹೀಗಾಗಿದೆ ಎಂದುಬಿಟ್ಟೆ ನಾನು. ಆಮೇಲೆ ನೀನು ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ.

ಆ ಮದ್ದಳೆಗೂ ಹೊಳೆಯಲಿ ಎಂದೇ ಎಣ್ಣೆ ಹಚ್ಚಿದ್ದೆ.