ಬಿಸ್ಕತ್ ಡಬ್ಬಿಯ ಅರ್ಧ ಹೆಣಿಗೆ

ಮಗಳೇ,

ನಿಮ್ಮಪ್ಪನ ಮಂಡಿನೋವು ಕಡಿಮೆಯಾಗಿದೆ. ಗೊಣಗಾಟ ಮಾತ್ರ ಹಾಗೇ ಇದೆ.

ಬಿಸಿ ಪಾತ್ರೆ ಇಳಿಸಲೆಂದು ಕ್ರೋಶಾದಲ್ಲಿ ನಾನೇ ಒಂದು ಹಿಡಿಬಟ್ಟೆ ಹೆಣೆದಿದ್ದೆ. ನೈಲಾನ್ ನೂಲು ಬಳಸಿದ್ದು ನನ್ನ ದಡ್ಡತನ. ಕರಗಿ ಬಾಣಲೆಗೇ ಅಂಟಿಕೊಂಡಿತು.

"ಅವಳ ಬಿಸ್ಕತ್ ಡಬ್ಬೀಲಿ ಹತ್ತಿ ನೂಲಿದೆ, ತಗೋ" ಎಂದರು ನಿಮ್ಮಪ್ಪ. ಮದುವೆಯಾಗಿ ಬಂದು ಎರಡು ವರ್ಷವಾದರೂ ನಿಮ್ಮಮ್ಮನ ಕಾಲದ ಆ ಡಬ್ಬಿಯನ್ನು ನಾನು ಮುಟ್ಟಿರಲಿಲ್ಲ. ತೆರೆದರೆ ಒಳಗೊಂದು ಅರ್ಧ ಹೆಣೆದ ಹಿಡಿಬಟ್ಟೆ; ಕ್ರೋಶಾ ಕಡ್ಡಿ ಇನ್ನೂ ಅದರ ಕುಣಿಕೆಯಲ್ಲೇ ಇದೆ.

ನೂಲು ತೆಗೆಯದೆ ಮುಚ್ಚಿಟ್ಟೆ. ಅದನ್ನು ಬಿಚ್ಚಲಾರೆ, ನಾನಾಗಿ ಮುಗಿಸಲೂ ಮನಸ್ಸಿಲ್ಲ. ಒಂದು ಭಾನುವಾರ ಬಾ. ನೀನು ಮುಗಿಸು, ನಾನು ಪಕ್ಕದಲ್ಲಿ ಕೂತು ನಿಮ್ಮಮ್ಮನ ಆ ಹೆಣಿಗೆ ಕಲಿಯುತ್ತೇನೆ. ಅಲ್ಲಿಯವರೆಗೆ ನನಗೆ ಹಳೇ ಟವೆಲ್ಲೇ ಗತಿ.

ಇಂತಿ,
ನೀನಿನ್ನೂ ಏನೆಂದೂ ಕರೆಯದ
ನಾನು